ಭುಜಕ್ಕೊಂದು ತಟ್ಟು

ಹೆಂಡತಿ ಅವನನ್ನು ಮುಟ್ಟಿ ಎಬ್ಬಿಸುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, 'ಏಳಿ, ಆರೂವರೆ ಆಯ್ತು' ಎಂದು ಹೇಳಿ, ಅವನು ಕಣ್ಣು ಬಿಟ್ಟದ್ದು ಖಾತ್ರಿಯಾದ ಮೇಲೆ ಒಳಗೆ ಹೋಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಮ್ಮೆ, ಪಾಪ, ಎಲ್ಲ ಹೆಂಡತಿಯರ ಹಾಗೆ ಅವಳೂ ಬಲಭುಜ ತಟ್ಟಿದ್ದಳು. ಅವನ ತೋರುಬೆರಳು ತಾನಾಗಿ ಮಡಚಿಕೊಂಡು ಹೊದಿಕೆಯ ಅಂಚನ್ನು ಎಳೆದಿತ್ತು, ಬಾಯಿಂದ ಎಂಥದೋ ಕೂಗು ಬಂದಿತ್ತು. ಕಣ್ಣು ಬಿಟ್ಟಾಗ ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಏನಾಯಿತೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹೇಳದೆ ಉಳಿದ ಆ ಮಾತು ಮನೆಯ ನಡುವೆ ಒಂದು ಮೇಜಿನ ಹಾಗೆ ನಿಂತುಬಿಟ್ಟಿತು. ಇಬ್ಬರೂ ಅದನ್ನು ಬಳಸಿಕೊಂಡು ಓಡಾಡುವುದನ್ನು ಕಲಿತರು.

ಇವತ್ತು ಗಡ್ಡ ಹೆರೆದುಕೊಳ್ಳುತ್ತ ಅವನು ಎಡಗೈಯಿಂದ ಆ ಭುಜವನ್ನು ಉಜ್ಜಿಕೊಂಡ. ಇಸ್ತ್ರಿಯಾದ ಅಂಗಿ ಹಿಡಿದು ಹಿಂದೆ ನಿಂತಿದ್ದ ಹೆಂಡತಿ, 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನಿನ್ನೂ ಏನೂ ಅಂದೇ ಇಲ್ಲ' ಎಂದಳು. ತಮಾಷೆಗೆ ಅಂದದ್ದು. ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನ ಕೈ ಜಾರಿ ಗದ್ದದ ಕೆಳಗೆ ಸಣ್ಣಗೆ ರಕ್ತ ಬಂತು. 'ನೋಡಿದ್ರಾ, ಇವತ್ತೇ ದೊಡ್ಡವರು ನೋಡೋಕೆ ಬರೋದು ಅಂತೀರಿ, ಇವತ್ತೇ ಮುಖ ಕೆಡಿಸ್ಕೊಂಡ್ರಿ' ಎಂದು ಅವಳು ಹತ್ತಿ ತರಲು ಹೋದಳು. ಕನ್ನಡಿಯಲ್ಲಿ ಉಳಿದದ್ದು ನಲವತ್ತು ದಾಟಿದ, ಹುಬ್ಬು ಮೂಗು ತುಟಿ ಎಲ್ಲವೂ ಇರಬೇಕಾದಲ್ಲೇ ಇದ್ದ ಒಂದು ಮುಖ. ಅಷ್ಟು ಇಡಿಯಾದ ಮುಖವನ್ನು ದಿನವೂ ನೋಡಬೇಕಾದದ್ದು ಅವನಿಗೆ ಒಂದು ಶಿಕ್ಷೆಯೇ ಆಗಿತ್ತು.

ಕಾಲಾಳುಗಳ ತರಬೇತಿ ಶಾಲೆಯಲ್ಲಿ ಅವನು ಬೋಧಕ. ನೆಲದ ಮೇಲೆ ನಡೆಯುವ ಮನುಷ್ಯನೊಬ್ಬ ಹೆಗಲ ಮೇಲೆ ಲಾಂಚರ್ ಎಂಬ ಕೊಳವೆ ಇಟ್ಟುಕೊಂಡು, ಮನೆಯಷ್ಟು ದೊಡ್ಡ ಟ್ಯಾಂಕನ್ನು ಹೇಗೆ ನಿಲ್ಲಿಸಬಹುದು ಎಂಬುದು ಅವನ ಪಾಠ. ಹುಡುಗರು ಅವನಿಗೆ ಇಟ್ಟ ಹೆಸರು ತಟ್ಟಪ್ಪ. ಅವನಿಗದು ಗೊತ್ತಿತ್ತು. ಭುಜಕ್ಕೆ ತಟ್ಟುವ ವಿಷಯವನ್ನು ಗಂಟೆಗೆ ಇಪ್ಪತ್ತು ಸಲ ಹೇಳುವವನಿಗೆ ಇನ್ನೇನು ಹೆಸರಿಡುತ್ತಾರೆ? ಇವತ್ತು ಶಾಲೆಯ ಮುಖ್ಯಾಧಿಕಾರಿ ತಾನೇ ಬಂದು ಬೆಳಗಿನ ಪಾಠ, ಮಧ್ಯಾಹ್ನದ ಗುಂಡಿನ ಅಭ್ಯಾಸ ಎರಡನ್ನೂ ನೋಡುವುದಿತ್ತು. ಮೆಚ್ಚಿಕೆಯಾದರೆ ಲಾಂಚರಿನ ಹೊಸ ಕೈಪಿಡಿಯನ್ನು ಬರೆಯುವ ಕೆಲಸ ಅವನದು. ಹಳೆಯದರಲ್ಲಿ ತಟ್ಟಿನ ಬಗ್ಗೆ ಇದ್ದದ್ದು ಒಂದೂವರೆ ಸಾಲು. ತಾನು ಬರೆದರೆ ಒಂದು ಪೂರ್ತಿ ಅಧ್ಯಾಯ ಬರೆಯುತ್ತೇನೆ ಎಂದುಕೊಂಡಿದ್ದ. ಅದನ್ನು ಬರೆಯಲು ತನಗೆ ಏನು ಯೋಗ್ಯತೆ ಎಂದು ಅವನೊಳಗೇ ಯಾರೋ ಕೇಳುತ್ತಿದ್ದರು, ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.

ಉಗ್ರಾಣದ ಕಿಟಕಿ ಶಾಲೆಯ ಹಿಂಭಾಗದಲ್ಲಿ, ಸೊಂಟದೆತ್ತರಕ್ಕಿತ್ತು. ಒಳಗಿನವನು ಬಗ್ಗಿ ನೋಡಿದರೆ ಮಾತ್ರ ಮುಖ ಕಾಣುತ್ತಿತ್ತು, ಇಲ್ಲದಿದ್ದರೆ ಕೈಯಷ್ಟೇ. ಬೋಧಕನಿಗೆ ಆ ಕಿಟಕಿ ಇಷ್ಟವಾಗುತ್ತಿದ್ದುದು ಅದಕ್ಕೇ. ಆದರೆ ಉಗ್ರಾಣಿ ಪ್ರತಿ ಸಲವೂ ಬಗ್ಗುತ್ತಿದ್ದ. ಹುಬ್ಬಿಲ್ಲದ ಹಣೆ, ಕರಗಿ ನಿಂತಂತಿದ್ದ ಮೂಗು, ಬಿಗಿದು ಹೊಳೆಯುವ ಕೆನ್ನೆ, ಪೂರ್ತಿ ಮುಚ್ಚದ ತುಟಿ. ಬಲಗಿವಿ ಸತ್ತಿತ್ತು, ಎಡಗಿವಿ ಕೇಳುತ್ತಿತ್ತು. ಹಾಗಾಗಿ ಮಾತಾಡುವವರ ಬಾಯನ್ನೇ ನೋಡುವ ಅಭ್ಯಾಸ ಅವನಿಗೆ. 'ಬೆಳಗ್ಗೆ ಎರಡು ಸಲ ಒರೆಸಿಟ್ಟಿದ್ದೀನಿ ಸರ್, ದೊಡ್ಡವರು ಬರ್ತಾರಂತಲ್ಲ,' ಎಂದು ಲಾಂಚರನ್ನು ಕಿಟಕಿಯಿಂದ ಹೊರಗೆ ಚಾಚಿದ. ಹನ್ನೊಂದು ವರ್ಷದ ಹಿಂದೆ, ಈ ಮುಖ ಸುಟ್ಟ ದಿನ, ಇಬ್ಬರದೂ ಒಂದೇ ದರ್ಜೆ. ಒಂದೇ ತಟ್ಟೆಯಲ್ಲಿ ಉಂಡವರು, 'ಏನೋ', 'ಲೋ' ಎಂದವರು. ಈಗ 'ಸರ್'. ಬೇಡವೆಂದು ಎರಡು ಸಲ ಹೇಳಿದ್ದ, ಮೂರನೆಯ ಸಲ ಹೇಳಲಿಲ್ಲ. 'ಎಷ್ಟು ಹೊತ್ತಿಗೆ ಬರ್ಲಿ ಸರ್ ಕ್ಲಾಸಿಗೆ?' ಎಂದು ಉಗ್ರಾಣಿ ಕೇಳಿದ. 'ಹತ್ತೂಕಾಲು' ಎಂದ ಬೋಧಕ, ತನ್ನ ಬಾಯಿಯತ್ತ ನೋಡುತ್ತಿದ್ದ ಆ ರೆಪ್ಪೆಯಿಲ್ಲದ ಕಣ್ಣುಗಳಿಂದ ತಪ್ಪಿಸಿಕೊಂಡು.

ಉಗ್ರಾಣಿಯನ್ನು ಕ್ಲಾಸಿಗೆ ಕರೆಸುವ ರೂಢಿಯನ್ನು ಮೊದಲು ಶುರು ಮಾಡಿದವರು ಯಾರು? ಹಿಂದಿನ ಮುಖ್ಯಾಧಿಕಾರಿ ಎಂದು ಬೋಧಕ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವರು ಒಮ್ಮೆ, 'ಹತ್ತು ಚಿತ್ರ ಬರೆಯೋದಕ್ಕಿಂತ ಅವನನ್ನೇ ಒಮ್ಮೆ ನಿಲ್ಲಿಸಿ ತೋರಿಸಿಬಿಡಿ' ಎಂದಿದ್ದರು. ಅವನು ಒಲ್ಲೆ ಎನ್ನಬಹುದಿತ್ತು. ಅನ್ನಲಿಲ್ಲ, ಏಕೆಂದರೆ ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಅಂದಿನಿಂದ ಪ್ರತಿ ತಂಡಕ್ಕೂ ಒಮ್ಮೆ ಉಗ್ರಾಣಿ ಬಂದು ಕಪ್ಪುಹಲಗೆಯ ಪಕ್ಕ ನಿಂತು, ಟೋಪಿ ತೆಗೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಹೋಗುತ್ತಿದ್ದ. ಇಪ್ಪತ್ತಾರು ತಂಡ ಆಗಿದ್ದವು. ಪಾಠ ಮುಗಿದ ಮೇಲೆ ಒಂದೊಂದು ಸಲ ಉಗ್ರಾಣಿಯೇ ಸಮಾಧಾನ ಹೇಳುತ್ತಿದ್ದ: 'ನನ್ನ ಗ್ರಹಚಾರ ಸರ್. ತಟ್ಟಿದವನು ಪಕ್ಕದಲ್ಲಿ ನಿಲ್ಲದೆ ಹಿಂದೆ ಯಾಕೆ ಹೋದೆನೋ, ಆ ದೇವರಿಗೇ ಗೊತ್ತು. ನನ್ನಿಂದ ನಿಮ್ಮ ಹೆಸರಿಗೂ ಒಂದು ಮಸಿ.' ಉಗ್ರಾಣಿಗೆ ಆ ದಿನದ್ದು ಏನೂ ನೆನಪಿರಲಿಲ್ಲ. ಬೆಳಗಿನ ಚಹಾ ನೆನಪಿತ್ತು, ಆಮೇಲೆ ಆಸ್ಪತ್ರೆಯ ಚಾವಣಿ. ನಡುವಿನದನ್ನೆಲ್ಲ ವಿಚಾರಣೆಯ ಕಾಗದ ಓದಿ ತಿಳಿದುಕೊಂಡವನು. ಕಾಗದದಲ್ಲಿ ಇದ್ದದ್ದನ್ನು ಹೇಳಿ ಬರೆಸಿದವನು ಬೋಧಕ.

ತರಗತಿಯಲ್ಲಿ ಇಪ್ಪತ್ತೆಂಟು ಜನ. ಹೆಚ್ಚಿನವರು ಮೀಸಲು ಪಡೆಯವರು, ಒಂದೊಂದು ಕಸುಬಿನಿಂದ ಎರಡು ತಿಂಗಳ ಮಟ್ಟಿಗೆ ಕರೆ ಬಂದು ಸೇರಿದವರು: ಬಸ್ ಚಾಲಕ, ಬಡಗಿ, ಔಷಧದಂಗಡಿಯವನು, ಎರಡನೆಯ ಸಾಲಿನಲ್ಲಿ ಕೈತುಂಬ ಕಿಡಿ ಹಾರಿದ ಕಲೆಗಳಿದ್ದ ಒಬ್ಬ ವೆಲ್ಡರ್. ಮುಖ್ಯಾಧಿಕಾರಿ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೋಧಕ ಸೀಮೆಸುಣ್ಣ ಹಿಡಿದ. 'ಟ್ಯಾಂಕಿಗೆ ಎದೆ ಗಟ್ಟಿ, ಪಕ್ಕೆ ಮೆತ್ತಗೆ. ಎದುರಿಗೆ ನಿಂತು ಹೊಡೆದವನು ಶೂರ, ಪಕ್ಕಕ್ಕೆ ಕಾದು ಹೊಡೆದವನು ಮನೆಗೆ ಹೋಗ್ತಾನೆ. ನಿಮಗೆ ಯಾವುದು ಬೇಕು ನೋಡ್ಕೊಳಿ.' ನಗು ಎದ್ದಿತು, ಪ್ರತಿ ತಂಡದಲ್ಲೂ ಇದೇ ಜಾಗಕ್ಕೆ ಏಳುವ ನಗು. ಕಾಯುವುದೇ ವಿದ್ಯೆ ಎಂದ. ಅದು ಬೀದಿಯ ತಿರುವಿಗೆ ಬಂದು ಪಕ್ಕೆ ತೋರಿಸುವವರೆಗೆ ಉಸಿರು ಹಿಡಿದು ಕಾಯಬೇಕು, ಸಿಗುವುದು ನಾಲ್ಕೇ ಸೆಕೆಂಡು. ಆಮೇಲೆ ಕೊಳವೆಯ ಹಿಂಬದಿಯ ಚಿತ್ರ ಬರೆದ. ಗುಂಡು ಮುಂದೆ ಹೋದಷ್ಟೇ ಜೋರಾಗಿ ಬೆಂಕಿ ಹಿಂದೆ ಹೋಗುತ್ತದೆ, ಬೀಸಣಿಗೆಯಂತೆ ಹರಡಿಕೊಂಡು. ಆ ಬೀಸಣಿಗೆಯೊಳಗೆ ಗೋಡೆ ಇರಬಾರದು, ಮನುಷ್ಯ ಇರಬಾರದು. 'ನಂಬರ್ ಒನ್ ಹೊಡೆಯೋನು. ಅವನ ಕಣ್ಣು ದುರ್ಬೀನಿಗೆ ಸಿಕ್ಕಿಹಾಕ್ಕೊಂಡಿರುತ್ತೆ, ಕಿವಿ ಮುಚ್ಚಿರುತ್ತೆ. ಉಳಿದಿರೋದು ಭುಜ ಒಂದೇ. ನಂಬರ್ ಟೂ ಗುಂಡು ತುಂಬ್ತಾನೆ, ಹಿಂದೆ ನೋಡ್ತಾನೆ, ಯಾರೂ ಇಲ್ಲ ಅಂತ ಖಚಿತ ಮಾಡ್ಕೊಂಡು ಪಕ್ಕಕ್ಕೆ ಬಂದು ಕೂತು, ಬಲಭುಜಕ್ಕೆ ಒಂದು ತಟ್ಟು. ತಟ್ಟಿ ಎರಡು ಸೆಕೆಂಡಲ್ಲಿ ಗುಂಡು ಹೋಗಬೇಕು. ತಟ್ಟದೆ ಬೆರಳು ಅಲ್ಲಾಡಬಾರದು. ನಿಮ್ಮಪ್ಪನೇ ಬಂದು ಹೇಳಿದ್ರೂ ಅಲ್ಲಾಡಬಾರದು.'

ಹತ್ತೂಕಾಲಿಗೆ ಉಗ್ರಾಣಿ ಬಂದ. ಟೋಪಿ ತೆಗೆದ. ತರಗತಿ ಉಸಿರು ಎಳೆದುಕೊಂಡಿತು, ಅದೂ ಪ್ರತಿ ತಂಡದಲ್ಲಿ ಇದೇ ಜಾಗಕ್ಕೆ. 'ಇವರು ತಟ್ಟಿದ್ರು,' ಎಂದ ಬೋಧಕ, ಇಪ್ಪತ್ತಾರು ಸಲ ಹೇಳಿದ ಧಾಟಿಯಲ್ಲೇ. 'ತಟ್ಟಿದ್ದು ಸರಿ. ಆದ್ರೆ ತಟ್ಟಿದ ಮೇಲೆ ಪಕ್ಕದಲ್ಲಿ ಇರದೆ ಹಿಂದೆ ಸರಿದ್ರು. ಒಂದೇ ಒಂದು ತಪ್ಪು.' ಉಗ್ರಾಣಿ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಸಂತೆಗೆ ಬಂದ ಎತ್ತನ್ನೂ ಯಾರೂ ಇಷ್ಟು ಸಾವಕಾಶವಾಗಿ ನೋಡುವುದಿಲ್ಲ. ಆಗ ವೆಲ್ಡರ್ ಕೈ ಎತ್ತಿದ.

'ಸರ್, ತಟ್ಟಿದ ಮೇಲೆ ನಂಬರ್ ಟೂ ಯಾವ ಕಡೆ ನೋಡ್ತಾನೆ?'

'ಮುಂದೆ. ಟ್ಯಾಂಕ್ ಕಡೆ.'

'ಹಾಗಾದ್ರೆ ಇವರ ಕತ್ತು ಸುಡಬೇಕಿತ್ತು ಸರ್.' ಅವನ ದನಿಯಲ್ಲಿ ಕುಹಕವಿರಲಿಲ್ಲ, ಕೆಲಸದ ವಿಷಯ ಮಾತಾಡುವವರ ಕುತೂಹಲವಿತ್ತು. 'ಕತ್ತು ಚೆನ್ನಾಗೇ ಇದೆ, ಕೂದಲೂ ಇದೆ. ಸುಟ್ಟಿರೋದು ಮುಖ. ನಮ್ಮ ಕೆಲಸದಲ್ಲಿ ಸಿಲಿಂಡರ್ ಸಿಡಿದಾಗ ಗಾಯ ನೋಡಿನೇ ಹೇಳ್ತೀವಿ, ಯಾರು ಎಲ್ಲಿ ನಿಂತಿದ್ದ ಅಂತ. ಇವರು ಲಾಂಚರ್ ಕಡೆ ಮುಖ ಮಾಡಿ ಬರ್ತಾ ಇದ್ರು. ತಟ್ಟಿ ಎರಡೇ ಸೆಕೆಂಡಲ್ಲಿ ಅಷ್ಟು ಹಿಂದೆ ಹೋಗಿ, ತಿರುಗಿ ಬರೋಕೆ ಆಗುತ್ತಾ ಸರ್?'

ಯಾರೂ ನಗಲಿಲ್ಲ. ಹಿಂದಿನ ಗೋಡೆಯ ಕುರ್ಚಿ ಕಿರುಗುಟ್ಟಿತು. ಹನ್ನೊಂದು ವರ್ಷದಲ್ಲಿ ಮೂವರು ವಿಚಾರಣಾಧಿಕಾರಿಗಳಿಗೆ, ಇಬ್ಬರು ವೈದ್ಯರಿಗೆ ಕಾಣದೆ ಹೋದದ್ದು, ಕಿಟಕಿಗೆ ಸರಳು ಬೆಸೆಯುವವನಿಗೆ ಒಂದೇ ನೋಟಕ್ಕೆ ಕಂಡಿತ್ತು. ಎದೆ ಗಟ್ಟಿಯಾಗಿದ್ದರೇನು, ಇವನು ಪಕ್ಕೆಗೇ ಹೊಡೆದ. ಬೋಧಕನ ಬಾಯಿ ತಾನಾಗಿ ಮಾತಾಡತೊಡಗಿತು. 'ನೀನು ಯುದ್ಧ ನೋಡಿದೀಯಾ?' 'ಇಲ್ಲ ಸರ್.' 'ಗೇಟಿಗೆ ಬೀಗದ ಪಟ್ಟಿ ಹಾಕೋನು ನಂಗೆ ಗುಂಡಿನ ಲೆಕ್ಕ ಹೇಳ್ತಾನೆ. ಪತ್ತೇದಾರಿಕೆ ಮಾಡೋದಿದ್ರೆ ಪೊಲೀಸಿಗೆ ಸೇರ್ಬೇಕಿತ್ತು. ಎದ್ದು ಹೊರಗೆ ಹೋಗಿ ನಿಂತ್ಕೋ. ಲಾಂಚರ್ ತಲೆ ಮೇಲೆ ಹಿಡ್ಕೊಂಡು ನಿಂತ್ಕೋ.' ಈಗ ನಗು ಬಂತು. ವೆಲ್ಡರ್ ಕಿವಿ ಕೆಂಪು ಮಾಡಿಕೊಂಡು ಎದ್ದ. ಕಪ್ಪುಹಲಗೆಯ ಪಕ್ಕ ಉಗ್ರಾಣಿ, ಎಲ್ಲರ ಬಾಯನ್ನೂ ಒಂದೊಂದಾಗಿ ಓದುತ್ತ ನಿಂತಿದ್ದವನು, ಕೈಯನ್ನು ನಿಧಾನವಾಗಿ ಹಿಂದಕ್ಕೆ ಒಯ್ದು ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡ. ಕೂದಲಿನ ಅಂಚಿನಿಂದ ಕಾಲರಿನವರೆಗೆ ಒಮ್ಮೆ, ಮತ್ತೆ ಒಮ್ಮೆ. ಆಮೇಲೆ ಟೋಪಿ ಹಾಕಿಕೊಂಡು, ಹೋಗು ಎನ್ನುವ ಮೊದಲೇ ಹೊರಟುಹೋದ.

ಊಟದ ಹೊತ್ತಿನಲ್ಲಿ ಬೋಧಕ ಕೊಠಡಿಯಲ್ಲಿ ಒಬ್ಬನೇ ಕೂತು ಡಬ್ಬಿಯ ಮುಚ್ಚಳ ತೆರೆಯದೆ ಅದರ ಮೇಲಿನ ನೆಗ್ಗನ್ನು ನೋಡುತ್ತಿದ್ದ. ಹನ್ನೊಂದು ವರ್ಷದ ಹಿಂದಿನ ಆ ಬೀದಿ ಕಣ್ಣೆದುರು ಬಂತು: ಮುರಿದ ಗೋಡೆ, ಅದರ ಹಿಂದೆ ಅಂಗಳ, ಅಂಗಳದ ಕೊನೆಗೆ ಹಸಿರು ಬಣ್ಣದ ಮುಚ್ಚಿದ ಬಾಗಿಲು. ಬೀದಿಯ ತುದಿಯಲ್ಲಿ ಮೂರು ಟ್ಯಾಂಕ್. ಅಂದಿನ ನಂಬರ್ ಟೂ, ಈಗಿನ ಉಗ್ರಾಣಿ, ಗುಂಡು ತುಂಬಿದ ಸದ್ದು ಕೇಳಿಸಿತು, ಹಿಂಬದಿಯ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಕಿವಿಯಲ್ಲಿ ಇದ್ದದ್ದು ಹತ್ತಿ ಮಾತ್ರ, ಹಾಗಾಗಿ, 'ತಡಿಯೋ, ಆ ಬಾಗಿಲ ಹಿಂದೆ ಯಾರಾದ್ರೂ ಇದಾರಾ ನೋಡ್ಬಿಡ್ತೀನಿ' ಎಂದದ್ದೂ ಕೇಳಿಸಿತು. ಚೆನ್ನಾಗಿ ಕೇಳಿಸಿತು. ಓಡಿದ ಹೆಜ್ಜೆ, ಬಾಗಿಲು ತಳ್ಳಿದ ಸದ್ದು, 'ಯಾರೂ ಇಲ್ಲ' ಎಂದು ಅಲ್ಲಿಂದಲೇ ಕೂಗಿದ್ದು. ಅಷ್ಟರಲ್ಲಿ ಮೊದಲ ಟ್ಯಾಂಕ್ ತಿರುವಿನಲ್ಲಿ ಪಕ್ಕೆ ತೋರಿಸಿತು. ಒಂದು ಸೆಕೆಂಡು ಕಾದ. ಎರಡು ಸೆಕೆಂಡು ಕಾದ. ಇನ್ನು ಎರಡು ಉಳಿದಿದ್ದವು. ವಾಪಸು ಓಡಿಬರುತ್ತ ಇನ್ನೂ ಎಂಟು ಹೆಜ್ಜೆ ದಾಟಬೇಕಿದ್ದವನು ದಾಟಿಯಾನು ಎಂದುಕೊಂಡನೋ, ಏನೂ ಅಂದುಕೊಳ್ಳಲೇ ಇಲ್ಲವೋ. ಬೆರಳು ಮಡಚಿಕೊಂಡಿತು. ಟ್ಯಾಂಕ್ ಉರಿಯಿತು, ಉಳಿದೆರಡು ಹಿಂದೆ ಸರಿದವು, ಆ ಬೀದಿಯಲ್ಲಿದ್ದ ನಲವತ್ತು ಜನ ಉಳಿದರು. ನಿಜ ಹೇಳಿದ್ದರೆ ಯಾರೂ ನೇಣು ಹಾಕುತ್ತಿರಲಿಲ್ಲ. ಬಹುಶಃ ಬೆನ್ನನ್ನೇ ಸವರುತ್ತಿದ್ದರು. ಅದೇ ಅವನನ್ನು ಕೊರೆಯುತ್ತಿದ್ದದ್ದು. ವಿಚಾರಣೆಯ ಅಧಿಕಾರಿ ಅಚ್ಚಾದ ಹಾಳೆ ಮುಂದಿಟ್ಟು, 'ನಂಬರ್ ಟೂ ತಟ್ಟಿದನೇ?' ಎಂದು ಪೆನ್ನು ಹಿಡಿದು ಕೂತಿದ್ದ. ಪಕ್ಕದಲ್ಲೇ ಇನ್ನೊಂದು ಹಾಳೆ, ಪದಕಕ್ಕೆ ಶಿಫಾರಸು ಮಾಡುವುದು. ಒಂದು ತುಂಡು ತಾಮ್ರಕ್ಕೆ ಅವನು, 'ತಟ್ಟಿದ ಸರ್' ಎಂದ. ಪದಕ ಈಗ ಕಪಾಟಿನಲ್ಲಿ ಹೆಂಡತಿಯ ಸೂಜಿದಾರದ ಡಬ್ಬಿಯೊಳಗಿತ್ತು. ಭುಜ ಮಾತ್ರ ಆ ಸುಳ್ಳನ್ನು ನಂಬಿಬಿಟ್ಟಿತು. ಹೇಳಿ ಹೇಳಿ, ಎಂದೂ ಬೀಳದ ಆ ತಟ್ಟು ದಿನಕ್ಕೆ ನಾಲ್ಕು ಸಲ ಅಲ್ಲಿ ಬೀಳತೊಡಗಿತು.

ಮಧ್ಯಾಹ್ನ ಗುಂಡಿನ ಮೈದಾನದಲ್ಲಿ ಬಿಸಿಲು ಸುಣ್ಣದ ಹಾಗಿತ್ತು. ಇನ್ನೂರು ಮೀಟರ್ ಆಚೆ, ಎರಡು ಮಣ್ಣಿನ ದಿಬ್ಬಗಳ ನಡುವೆ ಹಳಿಯ ಮೇಲೆ ತಗಡಿನ ಟ್ಯಾಂಕ್ ಹಾಯುವಂತೆ ಏರ್ಪಾಡು. ಹಾಯುವುದಕ್ಕೆ ನಾಲ್ಕು ಸೆಕೆಂಡು. ಆ ಲೆಕ್ಕ ಇಟ್ಟವನೂ ಅವನೇ. ಮುಖ್ಯಾಧಿಕಾರಿ ಗೋಪುರದ ಮೇಲಿದ್ದರು. ಮೊದಲ ಗುಂಡು ಬೋಧಕನದು, ಹುಡುಗರು ನೋಡಿ ಕಲಿಯಲಿ ಎಂದು. ಅವನ ನಂಬರ್ ಟೂ ಆಗಬೇಕಿದ್ದ ಸಹಾಯಕನನ್ನು ಮುಖ್ಯಾಧಿಕಾರಿ ವಿವರಣೆ ಹೇಳಲು ಮೇಲಕ್ಕೆ ಕರೆಸಿಕೊಂಡಿದ್ದರು. ಗುಂಡಿನ ಪೆಟ್ಟಿಗೆ ಹೊತ್ತು ತಂದಿದ್ದ ಉಗ್ರಾಣಿ ಅದನ್ನು ಕೆಳಗಿಟ್ಟು, 'ನಾನು ನಿಲ್ತೀನಿ ಸರ್. ನನ್ನ ಅರ್ಹತಾಪತ್ರ ಇನ್ನೂ ಚಾಲ್ತಿಲಿದೆ' ಎಂದ. ಬೋಧಕ ಗೋಪುರಕ್ಕೆ ವಾಕಿಟಾಕಿಯಲ್ಲಿ ಕೇಳಿದ. 'ಅವರೇನಾ? ಬಹಳ ಚೆನ್ನಾಗಿರುತ್ತೆ,' ಎಂದು ಮೇಲಿನಿಂದ ಉತ್ತರ ಬಂತು. 'ಹುಡುಗರಿಗೆ ಧೈರ್ಯ ಬರುತ್ತೆ.' ಊಟದವರೆಗೂ ಲಾಂಚರ್ ಹೊತ್ತು ನಿಂತಿದ್ದ ವೆಲ್ಡರ್ ಮರಳ ಚೀಲಗಳ ಹಿಂದೆ ಉಳಿದವರ ಜೊತೆ ಕೂತಿದ್ದ.

ಬೋಧಕ ಒಂದು ಮೊಣಕಾಲೂರಿ ಕೂತು ಕೊಳವೆಯನ್ನು ಹೆಗಲಿಗೇರಿಸಿದ. ಕಿವಿ ಮುಚ್ಚಿಕೊಂಡ. ಗುಂಡು ಒಳಗೆ ಹೋದ ಭಾರ ಗೊತ್ತಾಯಿತು, ಹಿಂಬದಿಯ ಮುಚ್ಚಳ ಬಿದ್ದದ್ದು ಮೂಳೆಗೆ ತಾಗಿತು. ದುರ್ಬೀನಿಗೆ ಕಣ್ಣಿಟ್ಟ ಮೇಲೆ ಜಗತ್ತು ಒಂದು ಬಟ್ಟಲಿನಷ್ಟಾಯಿತು: ಒಣಗಿದ ಹುಲ್ಲು, ದಿಬ್ಬದ ಅಂಚು, ಅಲ್ಲಿ ಕೂತ ಒಂದು ಕಾಗೆ. ಹಿಂದೆ ಏನು ನಡೆಯುತ್ತಿದೆಯೋ ತಿಳಿಯುವ ದಾರಿಯಿಲ್ಲ. ಹನ್ನೊಂದು ವರ್ಷದಿಂದ ಅವನು ಸಾವಿರ ಜನಕ್ಕೆ ಹೇಳಿಕೊಟ್ಟ ಪಾಠವೇ ಅದು, ಆದರೆ ಅಷ್ಟು ಕಾಲ ಪಕ್ಕದವನನ್ನು ಇಷ್ಟು ಭಯದಿಂದ ನೆನೆದಿರಲಿಲ್ಲ. ಕಾಗೆ ಹಾರಿತು. ತಗಡಿನ ಮೂತಿ ದಿಬ್ಬದ ಅಂಚಿಗೆ ಬಂತು. ಒಂದು. ಉದ್ದಕ್ಕೂ ಪಕ್ಕೆ ತೆರೆದುಕೊಂಡಿತು. ಎರಡು. ಬಲಭುಜದ ಮೇಲೆ ಸ್ಪಷ್ಟವಾಗಿ, ಅಂಗೈ ಅಗಲಕ್ಕೆ, ತಟ್ಟು ಬಿತ್ತು. ಬೆರಳು ಟ್ರಿಗರನ್ನು ಅರ್ಧ ಎಳೆದೂ ಆಗಿತ್ತು. ಇದು ಯಾವ ತಟ್ಟು? ಅಂಗಿ ಅಲುಗಿತೆ? ಕೊಳವೆ ಅಲುಗಿತೆ? ಮೂರು. ಯಾವ ಬೋಧಕನೂ ಮಾಡಬಾರದ್ದನ್ನು ಅವನು ಮಾಡಿದ, ಗುರಿಯಿಂದ ಕಣ್ಣು ತೆಗೆದು ಹಿಂದಕ್ಕೆ ತಿರುಗಿ ನೋಡಿದ.

ಉಗ್ರಾಣಿ ಎಂಟು ಹೆಜ್ಜೆ ಹಿಂದೆ, ಕೊಳವೆಯ ಬಾಯಿಗೆ ತುಸು ಓರೆಯಾಗಿ, ಅವನತ್ತ ಮುಖ ಮಾಡಿ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಅಂದು ಅವನು ಸುಟ್ಟುಹೋದ ಆ ಜಾಗವನ್ನು ಯಾರೂ ಅವನಿಗೆ ತೋರಿಸಿರಲಿಲ್ಲ. ಬೆಳಗ್ಗೆ ಕತ್ತು ಮುಟ್ಟಿಕೊಂಡವನು ತಾನೇ ಅಳೆದು ಕಂಡುಕೊಂಡಿದ್ದ. ತಗಡಿನ ಟ್ಯಾಂಕ್ ಎರಡನೆಯ ದಿಬ್ಬದ ಹಿಂದೆ ಗಡಗಡ ಸದ್ದು ಮಾಡುತ್ತ ಮರೆಯಾಯಿತು. ಬೋಧಕ ಟ್ರಿಗರಿನ ಬೀಗ ಹಾಕಿ, ಕಿವಿಯ ಮುಚ್ಚಿಗೆ ತೆಗೆದ. ನಿನ್ನನ್ನು ಎರಡನೆಯ ಸಲ ಸುಡುತ್ತಿದ್ದೆನಲ್ಲೋ ಎಂದು ಕೂಗಬೇಕೆನ್ನಿಸಿತು.

'ತಟ್ಟಿದ ಅಂತಾನೇ ಬರೆಸು,' ಎಂದ ಉಗ್ರಾಣಿ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಏಕವಚನ. 'ಹೋದ ಸಲ ಬರೆಸಿದ ಹಾಗೆ.'

ಸೊಂಟದಲ್ಲಿದ್ದ ವಾಕಿಟಾಕಿ ಕರಕರ ಎಂದಿತು. ಗೋಪುರದ ಮೇಲಿನಿಂದ ನೆಲ ಕಾಣುವುದೇ ಹೊರತು ಯಾರು ಯಾಕೆ ಎಲ್ಲಿ ನಿಂತಿದ್ದಾರೆಂದು ಗೊತ್ತಾಗುವುದಿಲ್ಲ. 'ಏನಾಯ್ತು? ಯಾಕೆ ಹೊಡೀಲಿಲ್ಲ?' ಮರಳ ಚೀಲದ ಹಿಂದಿನಿಂದ ಇಪ್ಪತ್ತೆಂಟು ತಲೆಗಳು ಎದ್ದಿದ್ದವು. ಬೋಧಕ ಗುಂಡಿ ಒತ್ತಿದ. ಬಾಯಿಗೆ ಬಂದದ್ದು ನಿಯಮದ ಉತ್ತರ.

'ನಂಬರ್ ಟೂ ತಟ್ಟಲಿಲ್ಲ ಸರ್.'

ಹೇಳಿದ ಮೇಲೆ ಅವನಿಗೆ ತಿಳಿಯಿತು. ಈ ನಾಲ್ಕು ಮಾತನ್ನು ವಿಚಾರಣೆಯ ಆ ಹಾಳೆಯ ಮುಂದೆ ಹೇಳಿದ್ದರೆ ಸಾಕಿತ್ತು. ಹನ್ನೊಂದು ವರ್ಷ ಗಂಟಲಲ್ಲಿ ಸಿಕ್ಕಿದ್ದ ನಿಜ ಇವತ್ತು ಹೊರಬಿತ್ತು, ಬಿದ್ದದ್ದು ಮಾತ್ರ ಮತ್ತೆ ಉಗ್ರಾಣಿಯ ತಲೆಯ ಮೇಲೇ.

'ಓಹೋ,' ಎಂದರು ಮುಖ್ಯಾಧಿಕಾರಿ. ಅವರ ದನಿಯಲ್ಲಿ ಸಂತೋಷವಿತ್ತು. 'ಅಂದ್ರೆ ತಪ್ಪು ಮತ್ತೆ ಅವರದೇ. ಗುರಿ ಕೈಲಿದ್ರೂ ಹೊಡೀದೆ ಬಿಟ್ರಲ್ಲ, ಶಿಸ್ತು ಅಂದ್ರೆ ಇದು. ಇದನ್ನ ಹೊಸ ಕೈಪಿಡಿಲಿ ಹಾಕಿ. ಅವರದು ಆ ಸಲದ್ದು, ಈ ಸಲದ್ದು, ಎರಡೂ ಒಟ್ಟಿಗೆ, ಉದಾಹರಣೆ ಅಂತ. ನೀವೇ ಬರೀರಿ. ಏನಂತೀರಿ?'

ಮೈದಾನದಲ್ಲಿ ಗಾಳಿಯಿರಲಿಲ್ಲ, ಮಾತು ಎಲ್ಲರಿಗೂ ಕೇಳಿಸಿತ್ತು. ವೆಲ್ಡರ್ ನೆಲ ನೋಡುತ್ತ ಕೂತಿದ್ದ. ಉಗ್ರಾಣಿ ಎಂಟು ಹೆಜ್ಜೆಯನ್ನೂ ದಾಟಿ ಹತ್ತಿರ ಬಂದ. ಕೊಳವೆಯ ಹಿಂಬದಿ ತೆರೆದು, ಹೊಡೆಯದೆ ಉಳಿದ ಗುಂಡನ್ನು ಎರಡೂ ಕೈಯಿಂದ ಹೊರತೆಗೆದು, ಎದೆಗೆ ಒರಗಿಸಿ ಹಿಡಿದುಕೊಂಡ. ಆಮೇಲೆ ಕೇಳುವ ಕಿವಿಯನ್ನು, ಎಡಗಿವಿಯನ್ನು, ಬೋಧಕನ ಬಾಯಿಯತ್ತ ತಿರುಗಿಸಿ ಕಾದ.

ಬೋಧಕ ಗುಂಡಿ ಒತ್ತಿದ. ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಹೊತ್ತು ಒತ್ತಿಹಿಡಿದಿದ್ದ.

'ಆಗಲಿ ಸರ್,' ಎಂದ.

ಉಗ್ರಾಣಿ ಗುಂಡನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಹೋಗುವ ಮುಂಚೆ ಒಂದು ಕ್ಷಣ ನಿಂತು, ಬೋಧಕನ ಬಲಭುಜವನ್ನು ಮೆಲ್ಲಗೆ ಒಂದು ಸಲ ತಟ್ಟಿದ.